ಹಂಗು, ಹಕ್ಕು, ಹೊಣೆ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಮನೆಯಲ್ಲಿ, ದುಡಿಯುವ ಸ್ಥಳದಲ್ಲಿ ಹಾಗೂ ಶಾಲೆಯಲ್ಲಿ ವ್ಯಕ್ತಿಯ ಸ್ವಾತಂತ್ರ್ಯ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ವಿಷಯ ದೊಡ್ಡದು. ಅದಕ್ಕೆ ಒಪ್ಪುವ ದೊಡ್ಡ ಮಾತುಗಳಿಗೂ ಕೊರತೆಯಿಲ್ಲ. ಆದರೆ ಅಂತಹ ಮಾತುಗಳು ಸಭೆಯಲ್ಲಿ ಕಿವಿಗೆ ಇಂಪಾಗಿದ್ದು, ಮನೆಯ ಹೊಸ್ತಿಲು ದಾಟುವ ಮೊದಲೇ ಮರೆತುಹೋಗುವುದುಂಟು. ಆದಕಾರಣ ನಮ್ಮ ಹಿರಿಯರು ದಿನನಿತ್ಯ ಬಳಸುತ್ತ ಬಂದ ಒಂದು ಸಣ್ಣ ಮಾತನ್ನೇ ಹಿಡಿದು ಹೊರಡೋಣ. ಆ ಮಾತು ‘ಹಂಗು’.

ಅನ್ಯರ ಅನ್ನವನ್ನು ಉಣ್ಣುವವನು, ಅನ್ಯರ ಸೂರಿನಡಿ ಮಲಗುವವನು, ಅನ್ಯರಿಂದ ಸಾಲ ತಂದವನು ಹಂಗಿನಲ್ಲಿದ್ದಾನೆ ಎನ್ನುತ್ತೇವೆ. ಅವನ ಕೈಕಾಲುಗಳಿಗೆ ಸಂಕೋಲೆಯಿಲ್ಲ. ಬೇಕಾದಲ್ಲಿಗೆ ನಡೆದು ಹೋಗಬಲ್ಲ. ಆದರೂ ‘ಒಲ್ಲೆ’ ಎಂಬ ಎರಡಕ್ಷರ ಮಾತ್ರ ಅವನ ಗಂಟಲಿನಿಂದ ಹೊರಡುವುದಿಲ್ಲ. ಒಲ್ಲೆನೆಂದರೆ ಸಂಜೆಯ ಊಟಕ್ಕೇನು ಗತಿ, ಮಕ್ಕಳ ಫೀಜಿಗೆ ಯಾರ ಮುಂದೆ ಕೈಚಾಚುವುದು ಎಂಬ ಅಂಜಿಕೆ ಅವನ ನಾಲಗೆಯನ್ನು ಕಟ್ಟಿಹಾಕುತ್ತದೆ. ಸ್ವಾತಂತ್ರ್ಯದ ನಿಜವಾದ ಒರೆಗಲ್ಲು ಇದೇ ಎಂದು ನಾವು ತಿಳಿದಿದ್ದೇವೆ. ಒಬ್ಬ ವ್ಯಕ್ತಿ ‘ಒಲ್ಲೆ’ ಎಂದ ಮೇಲೂ ಅವನ ಅನ್ನ, ಸೂರು, ಮಾನ ಉಳಿಯುತ್ತವೆಯೆ? ಉಳಿಯುವುದಾದರೆ ಆತ ಸ್ವತಂತ್ರ. ಉಳಿಯದಿದ್ದರೆ, ಸಂವಿಧಾನವು ಎಷ್ಟು ಹಕ್ಕುಗಳನ್ನು ಬರೆದುಕೊಟ್ಟಿದ್ದರೂ ಆತ ಹಂಗಿನವನೇ.

ನಮ್ಮ ದೊಮ್ಮಲೂರು ನಿನ್ನೆ ಮೊನ್ನೆಯ ಬಡಾವಣೆಯಲ್ಲ. ಇಲ್ಲಿಯ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ 13ನೆಯ ಶತಮಾನದ ತಮಿಳು ಶಾಸನಗಳಿವೆ. ಗಂಡಹೆಂಡಿರಿಬ್ಬರೂ ಕೂಡಿ ದೇವಾಲಯಕ್ಕೆ ಬಿಟ್ಟ ದತ್ತಿಯೊಂದು ಆ ಕಲ್ಲುಗಳಲ್ಲಿ ದಾಖಲಾಗಿದೆ. ದಾನ ಕೊಡುವವರಿಗೆ ಮೊದಲು ತಮ್ಮದೆಂಬುದು ಒಂದಿರಬೇಕು. ತನ್ನದೆಂಬುದಿಲ್ಲದವರು ಬೇಡಬಲ್ಲರು, ಪಡೆಯಬಲ್ಲರು, ಕೊಡಲಾರರು. ಹಾಗೆಯೇ ಒಲ್ಲೆನೆನ್ನಲೂ ಆರರು.

ಈ ಮಾತು ನಮ್ಮ ಕಾಲದಲ್ಲಿ, ನಮ್ಮ ನಗರದಲ್ಲಿಯೇ, ಬೀದಿಗೆ ಬಂದು ತೋರಿಬಂದದ್ದು 2016ರ ಏಪ್ರಿಲ್ ತಿಂಗಳಲ್ಲಿ. ಬೊಮ್ಮನಹಳ್ಳಿ, ಪೀಣ್ಯ, ಜಾಲಹಳ್ಳಿ ಮುಂತಾದೆಡೆಗಳ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರೆಂಬುದನ್ನು ತಾವೆಲ್ಲ ಬಲ್ಲಿರಿ. ಅವರ ಸಂಬಳದಲ್ಲಿ ಶೇಕಡಾ 12ರಷ್ಟು ಭವಿಷ್ಯನಿಧಿಗೆ ಕಡಿತವಾಗುತ್ತಿತ್ತು. ಮಾಲೀಕರೂ ಶೇಕಡಾ 12ನ್ನು ಸೇರಿಸುತ್ತಿದ್ದರು, ಅದರಲ್ಲಿ 8.33 ಪಿಂಚಣಿಗೆ ಹೋಗಿ, ಮಿಕ್ಕ 3.67 ಭವಿಷ್ಯನಿಧಿಗೆ ಸೇರುತ್ತಿತ್ತು. ಕೆಲಸ ಬಿಟ್ಟು ಎರಡು ತಿಂಗಳು ಬೇರೆ ಕೆಲಸವಿಲ್ಲದಿದ್ದರೆ ಆ ಗಂಟನ್ನು ಬಿಡಿಸಿಕೊಳ್ಳುವ ಅವಕಾಶ ಆಗಿನ ನಿಯಮದಲ್ಲಿತ್ತು. ಇದು ಮುಪ್ಪಿನ ಕಾಲದ ಆಸರೆಯೆಂದು ಕಾನೂನು ಬರೆದವರ ಎಣಿಕೆ. ಹೊಲಿಗೆಯಂತ್ರದ ಮುಂದೆ ಕುಳಿತವರ ಪಾಲಿಗಾದರೋ ಅದೇ ಮಗಳ ಕಾಲೇಜು, ಅದೇ ಗಂಡನ ಆಸ್ಪತ್ರೆ, ಅದೇ ಬಡ್ಡಿಯವನಿಂದ ಬಿಡುಗಡೆ. ಅದಕ್ಕಿಂತಲೂ ಮಿಗಿಲಾಗಿ, ಮೇಲ್ವಿಚಾರಕನ ಬೈಗುಳ ಮಿತಿಮೀರಿದ ದಿನ ಕೆಲಸ ಬಿಟ್ಟು ಹೊರಗೆ ನಡೆಯುವ ಧೈರ್ಯಕ್ಕೆ ಅದೇ ಬೆನ್ನೆಲುಬು.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ಹೊರಡಿಸಿತು. ಅದರಂತೆ ಮಾಲೀಕರು ಸೇರಿಸಿದ ಪಾಲು 58 ವರ್ಷ ತುಂಬುವವರೆಗೆ ಕಾರ್ಮಿಕರ ಕೈಗೆ ಸಿಗುವಂತಿರಲಿಲ್ಲ. ಏಪ್ರಿಲ್ 18ರ ಸೋಮವಾರ ಹೊಸೂರು ರಸ್ತೆಯಲ್ಲಿ ಕಾರ್ಖಾನೆಯ ಹೆಂಗಸರು ಬೀದಿಗಿಳಿದರು. ಮರುದಿನ ನಗರದ ಹಲವು ಭಾಗಗಳಲ್ಲಿ ಸಹಸ್ರಾರು ಮಂದಿ ಸೇರಿದರು. ಯಾವ ದೊಡ್ಡ ಸಂಘವೂ ಅವರಿಗೆ ಕರೆ ಕೊಟ್ಟಿರಲಿಲ್ಲ. ಹೆಸರಾಂತ ನಾಯಕರು ಯಾರೂ ಮುಂದೆ ನಿಂತಿರಲಿಲ್ಲ. ಆ ಗದ್ದಲದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದೂ, ಲಾಠಿ ಮತ್ತು ಅಶ್ರುವಾಯು ಪ್ರಯೋಗವಾದದ್ದೂ ದುಃಖದ ಸಂಗತಿ. ಬೆಂಕಿಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಏಪ್ರಿಲ್ 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತೆಂಬುದು ಇತಿಹಾಸ. ದೆಹಲಿಯಲ್ಲಿ ಕುಳಿತವರು ಆ ಹೆಂಗಸರ ಹಿತವನ್ನೇ ಬಯಸಿದ್ದಿರಬಹುದು. ಆದರೂ ತಮ್ಮ ಗಂಟನ್ನು ಯಾವಾಗ ಬಿಚ್ಚಬೇಕೆಂಬುದನ್ನು ತಮ್ಮನ್ನು ಕೇಳದೆ ತೀರ್ಮಾನಿಸಕೂಡದೆಂದು ಅವರು ಹೇಳಿದರು. ಹಿತವನ್ನು ಬಯಸುವುದು ಬೇರೆ, ಹಿತವನ್ನು ಹೇರುವುದು ಬೇರೆ.

ಇಲ್ಲಿ ಇನ್ನೊಂದು ಹೋಲಿಕೆಯನ್ನು ಮರೆಯುವಂತಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ. ಮುಂತಾದ ಸರ್ಕಾರಿ ಉದ್ಯಮಗಳ ಕಾರ್ಮಿಕರು ಇದೇ ಬೆಂಗಳೂರಿನಲ್ಲಿ 77 ದಿನಗಳ ಮುಷ್ಕರ ಹೂಡಿದ್ದರು. ಕಷ್ಟನಷ್ಟಗಳು ಅವರಿಗೂ ಇದ್ದವು. ಆದರೆ ಅವರ ಬೆನ್ನಿಗೆ ಬಲವಾದ ಸಂಘಗಳಿದ್ದವು. ಕಾಯಂ ನೌಕರಿಯೆಂಬ ನೆಲ ಕಾಲ ಕೆಳಗಿತ್ತು. 2016ರಲ್ಲಿ ಬೀದಿಗೆ ಬಂದವರಿಗೆ 77 ದಿನವಲ್ಲ, ಏಳು ದಿನ ಕೂಲಿ ತಪ್ಪಿದರೂ ಒಲೆ ಆರುವ ಸ್ಥಿತಿ. ಒಬ್ಬಳ ‘ಒಲ್ಲೆ’ ಕಾರ್ಖಾನೆಯ ಗೇಟಿನೊಳಗೇ ಕರಗಿಹೋಗುತ್ತದೆ. ಅದು ಹೊರಗೆ ಕೇಳಿಸಬೇಕಾದರೆ ಕೈಯಲ್ಲಿ ಒಂದಿಷ್ಟು ಗಂಟು ಬೇಕು, ತಲೆಯ ಮೇಲೆ ಕಾನೂನಿನ ಕೊಡೆ ಬೇಕು, ಪಕ್ಕದಲ್ಲಿ ಜೊತೆಗಾರರು ಬೇಕು. ವ್ಯಕ್ತಿಯ ಸ್ವಾತಂತ್ರ್ಯವೆಂಬುದು ಒಂಟಿಯಾಗಿ ಬೆಳೆಯುವ ಗಿಡವಲ್ಲ.

ಇನ್ನು ಕಾರ್ಖಾನೆಯ ಗೇಟೂ ಇಲ್ಲದ, ಜೊತೆಗಾರರೂ ಇಲ್ಲದ ದುಡಿಮೆಯೊಂದಿದೆ. ಪ್ರತಿದಿನ ಬೆಳಗ್ಗೆ ಹಳೆಯ ದೊಮ್ಮಲೂರಿನ ಓಣಿಗಳಿಂದ ಇಂದಿರಾನಗರದ ಕಡೆಗೂ ಬಡಾವಣೆಯ ಮಹಡಿ ಮನೆಗಳ ಕಡೆಗೂ ಹೆಜ್ಜೆ ಹಾಕುವ ಮನೆಗೆಲಸದ ಹೆಂಗಸರದು ಅಂತಹ ದುಡಿಮೆ. ಅವರಿಗೆ ಭವಿಷ್ಯನಿಧಿಯೂ ಇಲ್ಲ, 58ರ ನಿವೃತ್ತಿಯೂ ಇಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿ ಕರ್ನಾಟಕ ಸರ್ಕಾರ 2004ರಲ್ಲಿಯೇ ಅಧಿಸೂಚನೆ ಹೊರಡಿಸಿತು. ಮನೆಗೆಲಸದವರ ಹಕ್ಕುಗಳನ್ನು ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಒಡಂಬಡಿಕೆಯೊಂದನ್ನು ಅಂಗೀಕರಿಸಿದಾಗ ಭಾರತವೂ ಅದರ ಪರವಾಗಿ ಮತ ಹಾಕಿತು. ಆದರೆ ಅದನ್ನು ಸ್ಥಿರೀಕರಿಸಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಅಧಿನಿಯಮ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಅವರ ದೂರನ್ನು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಅದು ವಿಧಿಸಿದೆ. ಇಷ್ಟೆಲ್ಲ ಇದ್ದೂ, ವಾರಕ್ಕೊಂದು ದಿನ ರಜೆ ಕೇಳಿದವಳಿಗೆ ‘ನಾಳೆಯಿಂದ ಬರಬೇಡ’ ಎನ್ನಲು ಅರ್ಧ ನಿಮಿಷವೂ ಬೇಕಾಗಿಲ್ಲ.

‘ಅವಳನ್ನು ನಾವು ಮನೆಯವಳ ಹಾಗೆಯೇ ನೋಡಿಕೊಳ್ಳುತ್ತೇವೆ’ ಎಂದು ಅನೇಕರು ಹೇಳುವುದನ್ನು ಕೇಳುತ್ತೇವೆ. ಆ ಮಾತಿನಲ್ಲಿ ಪ್ರೀತಿಯಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮನೆಯವಳಿಗೆ ಆಸ್ತಿಯಲ್ಲಿ ಪಾಲುಂಟು. ಕೆಲಸದವಳಿಗೆ ಹಬ್ಬಕ್ಕೊಂದು ಹಳೆಯ ಸೀರೆಯುಂಟು. ಹಳೆಯ ಸೀರೆ ಹಂಗು, ವಾರದ ರಜೆ ಹಕ್ಕು. ಮೊದಲನೆಯದನ್ನು ಕೊಟ್ಟವರಿಗೆ ಉದಾರಿಯೆಂಬ ಹೆಸರು ಬರುತ್ತದೆ. ಎರಡನೆಯದನ್ನು ಕೊಟ್ಟರೆ ಪಡೆದವಳು ತಲೆಯೆತ್ತಿ ನಿಲ್ಲುತ್ತಾಳೆ.

ಹಂಗು ಬಡವರಿಗೆ ಮಾತ್ರ ಮೀಸಲೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಪಕ್ಕದಲ್ಲಿಯೇ ಗಾಲ್ಫ್ ಲಿಂಕ್ಸ್‌ನ ಗಾಜಿನ ಕಟ್ಟಡಗಳಲ್ಲಿ ದೊಡ್ಡ ಸಂಬಳ ಪಡೆಯುವ ಯುವಕ ಯುವತಿಯರನ್ನು ನೋಡಿ. ನಡುರಾತ್ರಿಯಲ್ಲಿ ಮೇಲಧಿಕಾರಿಯ ಕರೆ ಬಂದರೆ ‘ಈಗ ಆಗದು’ ಎನ್ನಲು ಅವರಲ್ಲಿ ಅನೇಕರಿಗೆ ಬಾಯಿ ಬರುವುದಿಲ್ಲ. ಕಾರಣ, ಫ್ಲಾಟಿನ ಸಾಲದ ಕಂತು ಪ್ರತಿ ತಿಂಗಳೂ ತಪ್ಪದೆ ಬಾಗಿಲು ತಟ್ಟುತ್ತದೆ. ಸಂಬಳ ದೊಡ್ಡದಾದ ಮಾತ್ರಕ್ಕೆ ಸ್ವಾತಂತ್ರ್ಯ ದೊಡ್ಡದಾಗುವುದಿಲ್ಲ. ಖರ್ಚು ಕಳೆದು ಕೈಯಲ್ಲಿ ಉಳಿದದ್ದೆಷ್ಟೋ ಧೈರ್ಯವೂ ಅಷ್ಟೇ. ದುಡಿಮೆಗೆ ಕಾಲಿಡುತ್ತಿರುವ ನಮ್ಮ ಮಕ್ಕಳಿಗೆ ಕಾರು ಕೊಳ್ಳುವ ಮೊದಲು ಆರು ತಿಂಗಳ ಅನ್ನವನ್ನು ಕೂಡಿಡಿರೆಂದು ಹೇಳುವ ಹಿರಿಯರು ಬೇಕಾಗಿದ್ದಾರೆ.

ಮನೆಯೊಳಗಿನ ಮಾತಿಗೆ ಬರೋಣ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ನಮ್ಮಲ್ಲಿ ಬಹುಕಾಲ ನಡೆದುಬಂದಿದೆ. ಕಾನೂನು ಆ ಗಾದೆಯನ್ನು ಒಪ್ಪುವುದಿಲ್ಲ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ, 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ, ವಿಧವೆಗೆ ಮೂರರಲ್ಲೊಂದು ಭಾಗ ಹೋಗಿ, ಉಳಿದುದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆಲ್ಲ ಸಮಪಾಲು. ನೆರೆಯ ಕೇರಳದಲ್ಲಿ ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ಇದೇ ನ್ಯಾಯ ದೊರೆಯಲು ಮೇರಿ ರಾಯ್ ಎಂಬ ಶಿಕ್ಷಕಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. 1986ರಲ್ಲಿ ತೀರ್ಪು ಆಕೆಯ ಪರವಾಗಿ ಬಂತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲೆಂಬ ತಿದ್ದುಪಡಿಯನ್ನು ಕರ್ನಾಟಕವು, ಕೇಂದ್ರವು 2005ರಲ್ಲಿ ಮಾಡುವುದಕ್ಕೂ ಮೊದಲೇ, 1994ರಲ್ಲಿ ತಂದಿತ್ತು. ಹಾಗಿದ್ದೂ ಸೋದರರ ಮನಸ್ಸು ನೋಯುವುದೆಂದು, ತವರಿನ ಬಾಗಿಲು ಮುಚ್ಚುವುದೆಂದು ಹೆದರಿ, ಹಕ್ಕು ಬಿಡುಗಡೆ ಪತ್ರಕ್ಕೆ ಓದದೆಯೇ ರುಜು ಹಾಕುವ ಅಕ್ಕತಂಗಿಯರು ಎಷ್ಟು ಮಂದಿ! ರುಜು ಅವಳದು, ಇಚ್ಛೆ ಇನ್ನೊಬ್ಬರದು.

ಸಣ್ಣ ಮೊತ್ತಗಳ ಮಾತೂ ಹೀಗೆಯೇ. 2023ರ ಜೂನ್ 11ರಂದು ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾದಾಗ ಪರವಾಗಿಯೂ ವಿರೋಧವಾಗಿಯೂ ಬೇಕಾದಷ್ಟು ಚರ್ಚೆ ನಡೆಯಿತು. ರಾಜಕೀಯದವರ ವಾದ ಅವರಿಗಿರಲಿ. ತಾಯಿಯನ್ನು ನೋಡಿ ಬರಲು ಬಸ್ಸಿನ ಕಾಸಿಗೆ ಗಂಡನ ಮುಖ ನೋಡಬೇಕಾಗಿದ್ದವಳು ಈಗ ಹೇಳಿ ಹೋಗುತ್ತಾಳೆ, ಕೇಳಿ ಹೋಗುವುದಿಲ್ಲ. ಹೇಳಿ ಹೋಗುವುದಕ್ಕೂ ಕೇಳಿ ಹೋಗುವುದಕ್ಕೂ ಇರುವ ಅಂತರವೇ ನಮ್ಮ ಇಂದಿನ ವಿಷಯ.

ಹೀಗೆ ಪ್ರತಿಯೊಬ್ಬರೂ ಒಲ್ಲೆನೆನ್ನಲು ಕಲಿತರೆ ಸಂಸಾರ ಒಡೆಯದೆ ಉಳಿದೀತೆ ಎಂದು ಹಿರಿಯರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಮದುವೆಯ ದಿನ ಗುರುಗಳು ವಧುವನ್ನೂ ವರನನ್ನೂ, ಸ್ವಂತ ಇಚ್ಛೆಯಿಂದ ಬಂದಿದ್ದೀರಾ ಎಂದು ಎಲ್ಲರ ಎದುರಿಗೆ ಕೇಳುತ್ತಾರೆ. ಒಲ್ಲೆನೆನ್ನಲು ಅವಕಾಶವೇ ಇಲ್ಲದವಳಿಂದ ಬಂದ ‘ಹೌದು’ ಎಂಬ ಮಾತಿಗೆ ಏನು ಬೆಲೆ? ಬಿಟ್ಟುಹೋಗಲು ಶಕ್ತಿಯಿದ್ದೂ ಉಳಿದವಳು ಪ್ರೀತಿಯಿಂದ ಉಳಿದಿದ್ದಾಳೆ; ಗತಿಯಿಲ್ಲದೆ ಉಳಿದವಳು ಸಹಿಸಿಕೊಂಡು ಉಳಿದಿದ್ದಾಳೆ. ಹೊರಗಿನಿಂದ ನೋಡುವವರಿಗೆ ಎರಡು ಸಂಸಾರಗಳೂ ಒಂದೇ ಬಗೆಯಾಗಿ ಕಂಡಾವು. ಒಳಗಿರುವವರಿಗೆ ಮಾತ್ರ ವ್ಯತ್ಯಾಸ ಗೊತ್ತು.

ಈ ಧೈರ್ಯ ಇಪ್ಪತ್ತೈದನೆಯ ವರ್ಷದಲ್ಲಿ ತಟಕ್ಕನೆ ಹುಟ್ಟುವಂಥದ್ದಲ್ಲ. ಅದರ ಬಿತ್ತನೆ ಶಾಲೆಯಲ್ಲಿ ಆಗಬೇಕು. 2009ರ ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಬಹುಮಟ್ಟಿಗೆ ಮರೆಯಾಗಿದೆ. ಆದರೆ ‘ಎದುರುತ್ತರ ಕೊಡಬೇಡ’ ಎಂಬ ಮಾತು ಇನ್ನೂ ತರಗತಿಯಲ್ಲಿ ಕುಳಿತೇ ಇದೆ. ಪ್ರಶ್ನೆಯನ್ನೂ ಎದುರುತ್ತರವನ್ನೂ ಬೇರ್ಪಡಿಸಿ ನೋಡದ ಶಾಲೆ ವಿಧೇಯರನ್ನು ತಯಾರು ಮಾಡೀತು, ವಿವೇಕಿಗಳನ್ನಲ್ಲ. ತಂದೆತಾಯಿಗಳಿಗೂ ಇಲ್ಲಿ ಅಧಿಕಾರವುಂಟು. 2001ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅಕ್ಷರ ಬಾರದ ತಾಯಿಯೂ ಆ ಸಮಿತಿಯಲ್ಲಿ ಕುಳಿತು ಬಿಸಿಯೂಟದ ಬೇಳೆ ಏಕೆ ನೀರಾಗಿದೆಯೆಂದು ಕೇಳಬಹುದು. ತಾಯಿ ಹಾಗೆ ಕೇಳುವುದನ್ನು ಕಂಡ ಮಗು ಅಂದು ಕಲಿತ ಪಾಠ ಯಾವ ಪುಸ್ತಕದಲ್ಲಿಯೂ ಇಲ್ಲ. ಹಾಗೆಯೇ ಹತ್ತನೆಯ ತರಗತಿ ಮುಗಿಸಿದ ಮಗನಿಗೋ ಮಗಳಿಗೋ ಮುಂದಿನ ಓದನ್ನು ಆರಿಸುವಾಗ, ಫೀಜು ಕಟ್ಟುವವರು ನಾವು ಎಂಬ ಒಂದೇ ಕಾರಣಕ್ಕೆ ಕೊನೆಯ ಮಾತೂ ನಮ್ಮದೇ ಆಗಬೇಕಾಗಿಲ್ಲ. ಮಕ್ಕಳ ಮೇಲೆ ಅನ್ನದ ಹಂಗನ್ನು ಹೊರಿಸುವುದು ತಂದೆತಾಯಿಗಳ ಪದವಿಗೆ ಶೋಭೆಯಲ್ಲ.

ಬಂಧುಗಳೇ, ಹಂಗನ್ನು ಹಕ್ಕಾಗಿ ಮಾಡಿಕೊಳ್ಳುವುದು ಬಲವಿಲ್ಲದವರ ಕೆಲಸವೆಂದು ಬಲವಿದ್ದವರು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದೆಡೆ ಹಂಗಿನಲ್ಲಿದ್ದು, ಇನ್ನೊಂದೆಡೆ ಇತರರನ್ನು ಹಂಗಿನಲ್ಲಿ ಇಟ್ಟಿರುವವರೇ. ಕಚೇರಿಯಲ್ಲಿ ತಲೆತಗ್ಗಿಸಿ ನಿಂತವನು ಮನೆಗೆ ಬಂದು ಹೆಂಡತಿಯ ಮೇಲೆ ಗುಡುಗುತ್ತಾನೆ. ಮನೆಯಲ್ಲಿ ಮಾತಿಲ್ಲದವಳು ಕೆಲಸದವಳ ಮೇಲೆ ಸಿಡುಕುತ್ತಾಳೆ. ಈ ಸರಪಳಿಯ ನಮ್ಮ ಕೊಂಡಿಯನ್ನು ಕಳಚುವುದು ನಮ್ಮ ಹೊಣೆ.

ಆದಕಾರಣ ಕೆಲವು ಸಣ್ಣ ಕೆಲಸಗಳನ್ನು ಸೂಚಿಸಿ ನಮ್ಮ ಮಾತನ್ನು ಮುಗಿಸುತ್ತೇವೆ. ಮನೆಗೆಲಸದವರನ್ನು ಇಟ್ಟುಕೊಂಡವರು ಸಂಬಳ, ಕೆಲಸದ ವೇಳೆ, ವಾರದ ರಜೆ ಇವನ್ನು ಒಂದು ಹಾಳೆಯಲ್ಲಿ ಬರೆದು ಆಕೆಯ ಕೈಗೆ ಕೊಡಲಿ. ಸಂಬಳದ ಚೀಟಿ, ಭವಿಷ್ಯನಿಧಿಯ ಲೆಕ್ಕ, ಬ್ಯಾಂಕಿನ ಪಾಸುಪುಸ್ತಕ ಇವನ್ನು ಓದಿ ತಿಳಿಸಿಕೊಡಲು ವಿದ್ಯಾವಂತ ಯುವಕ ಯುವತಿಯರು ವಾರಕ್ಕೊಂದು ಸಂಜೆಯನ್ನು ಮೀಸಲಿಡಲಿ. ಜಾತಿ ಮತಗಳನ್ನು ಕೇಳದೆ ಬಂದವರಿಗೆಲ್ಲ ಬಾಗಿಲು ತೆರೆದಿರಲಿ. ಯಾವ ಹೆಣ್ಣುಮಗಳೂ ಯಾವ ಪತ್ರಕ್ಕೂ ಓದದೆ, ಓದಿಸಿ ಕೇಳದೆ ರುಜು ಹಾಕದಿರಲಿ. ರಾತ್ರಿಯ ಊಟದ ಹೊತ್ತಿನಲ್ಲಿ ಮನೆಯ ಅತಿ ಚಿಕ್ಕವರ ಅಭಿಪ್ರಾಯವನ್ನು ಮೊದಲು ಕೇಳುವ ರೂಢಿ ಬೆಳೆಯಲಿ. ಇವುಗಳಿಗೆ ಹಣ ಬೇಕಾಗಿಲ್ಲ, ಕಟ್ಟಡ ಬೇಕಾಗಿಲ್ಲ. ಎದುರಿಗಿರುವವರು ‘ಒಲ್ಲೆ’ ಎಂದಾಗ ಮುಖ ಕೆಡಿಸಿಕೊಳ್ಳದೆ ಕೇಳಿಸಿಕೊಳ್ಳುವ ಮನಸ್ಸೊಂದಿದ್ದರೆ ಸಾಕು.