ಮನೆಯ ಷೆಡ್ಡಿನಲ್ಲೊಂದು ಹಳೆಯ ಡಾಲ್ಫಿನ್



ಒಂದು ಸಣ್ಣ ಅಯಸ್ಕಾಂತವನ್ನು ಕೈಗೆ ತೆಗೆದುಕೊಳ್ಳಿ. ನಿಮ್ಮ ಬೀದಿಯಲ್ಲಿ ನಿಂತಿರುವ ಕಾರುಗಳ ಬಾಗಿಲಿಗೆ ಅದನ್ನು ಹಿಡಿಯಿರಿ. ಹೆಚ್ಚಿನವಕ್ಕೆ ಅದು ಟಕ್ಕೆಂದು ಅಂಟಿಕೊಳ್ಳುತ್ತದೆ. ಆದರೆ ನಮ್ಮ ಬೆಂಗಳೂರಿನಲ್ಲೇ ತಯಾರಾದ ಒಂದು ಕಾರಿಗೆ ಹಿಡಿದರೆ ಅಂಟುವುದಿಲ್ಲ, ಜಾರಿ ಕೆಳಗೆ ಬೀಳುತ್ತದೆ. ಆ ಕಾರೇ ಸಿಪಾನಿ ಡಾಲ್ಫಿನ್. ಅದರ ಮೈ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು.

ಬಾದಲ್ ಎಂಬ ಮೂರು ಚಕ್ರದ ಗಾಡಿಯನ್ನು ತಯಾರಿಸಿದ್ದ ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಡಾಲ್ಫಿನ್ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರು ಅದರ ಮೂಲ. ಎಂಜಿನ್ 848 ಸಿ.ಸಿ., ಪೂರ್ತಿ ಅಲ್ಯುಮಿನಿಯಂನದು. ತೂಕ ಅಂಬಾಸಿಡರ್ ಕಾರಿನ ಅರ್ಧದಷ್ಟು. ಎಂಜಿನ್ ಮುಂದೆ ಇದ್ದರೂ ಓಡಿಸುವುದು ಹಿಂದಿನ ಚಕ್ರಗಳು. ನೀವು ಭೌತಶಾಸ್ತ್ರದಲ್ಲಿ ಓದಿದ ನ್ಯೂಟನ್ನನ ಎರಡನೆಯ ನಿಯಮ ನೆನಪಿಸಿಕೊಳ್ಳಿ. ದ್ರವ್ಯರಾಶಿ ಕಡಿಮೆಯಾದರೆ ಅಷ್ಟೇ ಬಲಕ್ಕೆ ವೇಗೋತ್ಕರ್ಷ ಹೆಚ್ಚು. ರ‍್ಯಾಲಿ ಮತ್ತು ರೇಸಿನವರು ಈ ಪುಟ್ಟ ಕಾರನ್ನು ಮೆಚ್ಚಿದ್ದು ಅದಕ್ಕಾಗಿಯೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಪೇಟೆ ಅದರ ಪಾಲಾಯಿತು. ಡಾಲ್ಫಿನ್ ತಯಾರಿಕೆ ನಿಂತು ದಶಕಗಳೇ ಕಳೆದಿವೆ.

ಜಯನಗರ, ಬನಶಂಕರಿಯ ಹಳೆಯ ಮನೆಗಳ ಪಕ್ಕದಲ್ಲಿ ಉದ್ದನೆಯ ಕಾರ್ ಷೆಡ್ಡುಗಳನ್ನು ನೀವು ನೋಡಿರಬಹುದು. ಅಂಥದೊಂದು ಷೆಡ್ಡಿನಲ್ಲಿ ಧೂಳು ಹೊದ್ದು ಕುಳಿತ ಡಾಲ್ಫಿನ್ ನಿಮ್ಮ ಕೈಗೆ ಬಂದಿತೆಂದು ಭಾವಿಸಿ. ಎಲ್ಲಿಂದ ಆರಂಭಿಸುತ್ತೀರಿ? ಬಹುಪಾಲು ಮಂದಿ ಬಣ್ಣದಿಂದ ಆರಂಭಿಸುತ್ತಾರೆ. ಎಡವುವುದೂ ಅಲ್ಲಿಯೇ.

ಫೈಬರ್ ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ. ನಲವತ್ತು ಮಳೆಗಾಲ ಕಳೆದರೂ ತೊಳೆದು ಉಜ್ಜಿದರೆ ಹೊಳೆಯುತ್ತದೆ. ಆದರೆ ಆ ಮೈಯನ್ನು ಹೊತ್ತಿರುವುದು ಉಕ್ಕಿನ ಚಾಸಿ. ಅದಕ್ಕೆ ತುಕ್ಕು ಹಿಡಿಯುತ್ತದೆ, ಮತ್ತು ಹೊಳೆಯುವ ಮೈ ಅದನ್ನು ಮರೆಮಾಡುತ್ತದೆ. ಹೀಗಾಗಿ ಮೊದಲ ಪರೀಕ್ಷೆ ಕಾರಿನ ಕೆಳಗೆ. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಸ್ಪ್ರಿಂಗುಗಳು ಸೇರುವ ಜಾಗ, ನೀರು ನಿಲ್ಲುವ ಮೂಲೆಗಳು, ಇಲ್ಲಿ ಹೆಚ್ಚು ಗಮನ ಬೇಕು. ಬೆಸುಗೆ ಹಾಕಬೇಕಾಗಿ ಬಂದರೆ ಅನುಭವಿ ಕೆಲಸಗಾರರಿಗೇ ಬಿಡಿ. ಫೈಬರ್ ಗ್ಲಾಸಿನಲ್ಲಿರುವ ರಾಳ ಹೊತ್ತಿ ಉರಿಯುವಂಥದ್ದು. ಮೈಯನ್ನು ಚಾಸಿಯಿಂದ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ದೂರವಿಟ್ಟು ಆ ಕೆಲಸ ನಡೆಯಬೇಕು.

ಕಾರಿನ ಕೆಳಗೆ ಎಂದೆನಲ್ಲ, ಅದಕ್ಕೊಂದು ನಿಯಮವಿದೆ. ಜ್ಯಾಕ್ ಇರುವುದು ಕಾರನ್ನು ಎತ್ತಲು, ಎತ್ತಿ ಹಿಡಿದಿರಲು ಅಲ್ಲ. ಎತ್ತಿದ ಮೇಲೆ ಗಟ್ಟಿಯಾದ ಆಕ್ಸಲ್ ಸ್ಟ್ಯಾಂಡುಗಳ ಮೇಲೆ ಕೂರಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಇಟ್ಟು, ದೊಡ್ಡವರೊಬ್ಬರು ಪಕ್ಕದಲ್ಲಿರುವಾಗ ಮಾತ್ರ ಕೆಳಗೆ ಹೋಗಿ. ಇಟ್ಟಿಗೆಗಳನ್ನು ನಂಬಬೇಡಿ, ಅವು ಎಚ್ಚರಿಕೆ ಕೊಡದೆ ಒಡೆಯುತ್ತವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮುಚ್ಚಿದ ಷೆಡ್ಡಿನ ನೆಲದ ಮೇಲೆ ಕಣ್ಣಿಗೆ ಕಾಣದೆ ಹರಡಿರುತ್ತದೆ. ಬಾಗಿಲು ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಬೇಡ. ಫೈಬರ್ ಗ್ಲಾಸನ್ನು ಉಜ್ಜುವಾಗ ಮೂಗಿಗೆ ಮಾಸ್ಕ್, ಕೈಗೆ ಗವಸು ಇರಲೇಬೇಕು. ಆ ಧೂಳಿನಲ್ಲಿರುವುದು ಗಾಜಿನ ಎಳೆಗಳು.

ಈಗ ವಿದ್ಯುತ್ತಿನ ವಿಚಾರ. ಉಕ್ಕಿನ ಕಾರುಗಳಲ್ಲಿ ದೀಪದಿಂದ ಬ್ಯಾಟರಿಗೆ ಹಿಂದಿರುಗಲು ವಿದ್ಯುತ್ತಿಗೆ ಬೇರೆ ತಂತಿ ಬೇಕಿಲ್ಲ, ಕಾರಿನ ಮೈಯೇ ದಾರಿ. ಫೈಬರ್ ಗ್ಲಾಸ್ ಅವಾಹಕ. ಆದ್ದರಿಂದ ಇಲ್ಲಿ ಪ್ರತಿ ದೀಪಕ್ಕೂ ಅರ್ಥ್ ತಂತಿ ಬೇಕು. ದೀಪ ಮಂಕಾಗಿದ್ದರೆ ಬಲ್ಬ್ ಕೊಳ್ಳಲು ಓಡಬೇಡಿ, ಆ ತಂತಿಯ ತುದಿಯನ್ನು ಉಜ್ಜಿ ನೋಡಿ. ಒಂದು ಲೆಕ್ಕ ಮಾಡೋಣ. 60 ವಾಟ್‌ನ ಎರಡು ಹೆಡ್‌ಲೈಟುಗಳು 12 ವೋಲ್ಟಿನಲ್ಲಿ 10 ಆಂಪೇರ್ ಎಳೆಯುತ್ತವೆ. ಹಳೆಯ ತಂತಿ, ಸವೆದ ಸ್ವಿಚ್ಚು ಸೇರಿ ರೋಧ 0.2 ಓಮ್ ಇದ್ದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ನಷ್ಟ. ಬೆಳಕು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ದೀಪಕ್ಕೆ ದಪ್ಪ ತಂತಿ ಎಳೆದು, ನಡುವೆ ರಿಲೇ ಹಾಕಿದರೆ ಈ ತೊಂದರೆ ತೀರುತ್ತದೆ. ಹಳೆಯ ಸ್ವಿಚ್ಚು ಹಾಗೇ ಉಳಿಯುತ್ತದೆ, ರಿಲೇಗೆ ಸಂಕೇತ ಕೊಡುವುದಷ್ಟೇ ಅದರ ಕೆಲಸ.

ಇದು ಹಳೆಯದನ್ನು ಉಳಿಸಿ ಮೇಲ್ದರ್ಜೆಗೇರಿಸುವ ಬಗೆ. ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡ ಹಾಗೆಯೇ. ಡಿಸ್ಟ್ರಿಬ್ಯೂಟರಿನ ಒಳಗೆ ಅಡಗಿ ಕೂರುತ್ತದೆ. ಬಿಚ್ಚಿದ ಪಾಯಿಂಟುಗಳನ್ನು ಎಸೆಯದೆ ಹೆಸರು ಬರೆದ ಡಬ್ಬಿಯಲ್ಲಿಡಿ, ಬೇಕೆಂದಾಗ ಮರಳಿ ಹಾಕಬಹುದು.

ಕೆಲವು ಬದಲಾವಣೆಗಳನ್ನು ಇಂದಿನ ಕಾಲವೇ ಕೇಳುತ್ತದೆ. ದೇಶದಲ್ಲಿ ಈಗ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. 1980ರ ದಶಕದ ರಬ್ಬರ್ ಪೈಪುಗಳು ಅದಕ್ಕಾಗಿ ಮಾಡಿದವಲ್ಲ. ಅವು ಊದಿಕೊಂಡು, ಮೆತ್ತಗಾಗಿ ಸೋರಬಹುದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾದೀತೆಂದು ನಾನು ಹೇಳಬೇಕಿಲ್ಲ. ಎಥನಾಲ್ ತಡೆಯುವ ಪೈಪುಗಳನ್ನೇ ಹಾಕಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ. ಅದರ ಗಡಸುತನ ಒಳಗೆ ಸುಣ್ಣದ ಪದರವಾಗಿ ಕೂರುತ್ತದೆ. ಅಲ್ಯುಮಿನಿಯಂ ಬ್ಲಾಕು, ಒಳಗೆ ಕಬ್ಬಿಣದ ಲೈನರು, ನಡುವೆ ಲವಣದ ನೀರು ಇದ್ದರೆ ಅದು ರಸಾಯನಶಾಸ್ತ್ರದ ಪಾಠದ ವಿದ್ಯುತ್ ಕೋಶವೇ ಆಗಿಬಿಡುತ್ತದೆ. ಬಟ್ಟಿ ಇಳಿಸಿದ ನೀರಿಗೆ ಕೂಲೆಂಟ್ ಬೆರೆಸಿ ಹಾಕುವುದು ಸರಿ.

ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಅಲೆಯುವಾಗ ಯಾರಾದರೂ ಒಬ್ಬರು ನಿಮಗೆ ಹೇಳಿಯೇ ಹೇಳುತ್ತಾರೆ: 'ಇಷ್ಟು ಕಷ್ಟ ಯಾಕೆ? ಹೊಸ ದೊಡ್ಡ ಎಂಜಿನ್ ಕೂರಿಸಿಬಿಡಿ, ಬಾಣದ ಹಾಗೆ ಓಡುತ್ತೆ.' ಆಸೆಯೇನೋ ಸಹಜ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 60 ಕಿಲೋಮೀಟರ್ ಇದ್ದದ್ದು 85 ಆದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡರಷ್ಟಾಗುತ್ತದೆ. ಹಳೆಯ ಪುಟ್ಟ ಡ್ರಮ್ ಬ್ರೇಕುಗಳು ಅದಕ್ಕೆ ತಯಾರಾದವಲ್ಲ. ಸೀಟ್ ಬೆಲ್ಟನ್ನೂ ಗಮನಿಸಿ. ಅದನ್ನು ಬರೀ ಫೈಬರ್ ಗ್ಲಾಸಿಗೆ ಬೋಲ್ಟ್ ಮಾಡಿದರೆ ಅಪಘಾತದಲ್ಲಿ ಕಿತ್ತು ಬರುತ್ತದೆ. ಚಾಸಿಗೆ ಸೇರಿದ ಉಕ್ಕಿಗೇ ಅದರ ಬೇರು ಇರಬೇಕು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ನಿಲ್ಲುವುದು, ಆಮೇಲೆ ಕಾಣುವುದು, ಕೊನೆಗೆ ಓಡುವುದು.

ಕಾನೂನೂ ಇದನ್ನೇ ಹೇಳುತ್ತದೆ. ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿತು. ಎಂಜಿನ್ ಬದಲಿಸಲು ಆರ್.ಟಿ.ಓ. ಅನುಮತಿ ಬೇಕು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ, ತಪಾಸಣೆ ಮಾಡಿಸಿ ನವೀಕರಿಸಬೇಕು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ವಿಂಟೇಜ್ ಮನ್ನಣೆ ದೊರೆಯುತ್ತದೆ. 1982ರಲ್ಲಿ ನೋಂದಣಿಯಾದ ಡಾಲ್ಫಿನ್ನಿಗೆ 2032ರಲ್ಲಿ ಆ ಯೋಗ. ಆ ಹೊತ್ತಿಗೆ ನಿಮ್ಮಲ್ಲಿ ಬಹಳಷ್ಟು ಜನರ ಬಳಿ ಡ್ರೈವಿಂಗ್ ಲೈಸೆನ್ಸ್ ಇರುತ್ತದೆ. ಅಲ್ಲಿಯವರೆಗೆ ಸ್ಪ್ಯಾನರ್ ಹಿಡಿಯಿರಿ, ಸ್ಟೀರಿಂಗ್ ಬೇಡ.

ಇನ್ನೊಂದು ಮಾತು. ತೆಗೆದ ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ. ಬಿ.ಟಿ.ಎಂ. ಲೇಔಟಿನ ಪಕ್ಕದಲ್ಲೇ ಮಡಿವಾಳ ಕೆರೆ, ಜೆ.ಪಿ. ನಗರದಲ್ಲಿ ಪುಟ್ಟೇನಹಳ್ಳಿ ಕೆರೆ ಇವೆ. ಮಳೆ ನೀರಿನ ದಾರಿ ಹಿಡಿದು ಎಣ್ಣೆಯೂ ಕೆರೆ ಸೇರುತ್ತದೆ. ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆಯನ್ನು ಸಂಗ್ರಹಿಸುವವರಿಗೆ ಕೊಡಿ.

ಹಾಗಾದರೆ ಮೊದಲ ದಿನದ ಸಲಕರಣೆ ಯಾವುದು? ಒಂದು ನೋಟುಪುಸ್ತಕ. ಬಿಚ್ಚುವ ಮೊದಲು ಚಿತ್ರ ಬರೆಯಿರಿ, ತಂತಿಗಳ ಬಣ್ಣ ಗುರುತಿಸಿ, ಬೋಲ್ಟುಗಳನ್ನು ಎಣಿಸಿ. ಪ್ರತಿ ಬದಲಾವಣೆಗೂ ಮುನ್ನ ಮೂರು ಪ್ರಶ್ನೆ ಬರೆದು ಉತ್ತರಿಸಿ. ಇದರಿಂದ ಕಾರು ಹೆಚ್ಚು ಸುರಕ್ಷಿತವಾಗುತ್ತದೆಯೇ? ಕಾನೂನು ಒಪ್ಪುತ್ತದೆಯೇ? ನಾಳೆ ಇನ್ನೊಬ್ಬರು ಇದನ್ನು ಮೊದಲಿನಂತೆ ಮಾಡಬಲ್ಲರೇ? ಡಾಲ್ಫಿನ್ನಿಗೆ ಬಿಡಿಭಾಗ ಕೊಡುವ ಕಾರ್ಖಾನೆ ಇಂದಿಲ್ಲ. ನಮ್ಮ ಊರಿನ ಕೆಲಸಗಾರರು ಅದನ್ನು ಹೇಗೆ ಕಟ್ಟಿದ್ದರೆಂದು ಹೇಳಲು ಉಳಿದಿರುವುದು ಆ ಕಾರು ಮಾತ್ರ. ನೀವು ಸುಮ್ಮನೆ ಕತ್ತರಿಸಿ ಎಸೆದದ್ದನ್ನು ಮತ್ತೆ ಯಾರೂ ಓದಲಾರರು.

ಈ ಭಾನುವಾರ ಮನೆಯ ಹಿರಿಯರನ್ನು ಕೇಳಿ, ಷೆಡ್ಡಿನಲ್ಲಿ ಏನಿದೆ ಎಂದು. ಕಾರೇ ಆಗಬೇಕಿಲ್ಲ, ಹಳೆಯ ಸೈಕಲ್ಲಾದರೂ ಸಾಕು. ನೋಟುಪುಸ್ತಕದೊಂದಿಗೆ ಒಳಗೆ ಹೋಗಿ. ಅಯಸ್ಕಾಂತವೂ ಜೇಬಿನಲ್ಲಿರಲಿ.