‘ಕ’ ಅಂದರೆ ‘ಕ’

ಕಣೇಕಲ್ಲಿನಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯ ಬೋರ್ಡಿನಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು. 1953ರಲ್ಲಿ ಈ ಊರಿದ್ದ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಯಿತು; ಮನೆಮಾತು ಹೋಗಲಿಲ್ಲ.

ಈಗ ಅಪ್ಪ ಅಮ್ಮ ಅಕ್ಷರಗಳ ಸದ್ದು ಕೂಡಿಸಿ ಇಂಗ್ಲಿಷು ಓದಿಸುವ ಫೋನಿಕ್ಸ್ ಟ್ಯೂಷನ್ ಹುಡುಕುತ್ತಾರೆ. ತಪ್ಪೇನಿಲ್ಲ. ‘ಸಿ’ ಎಂಬ ಹೆಸರಿನ ಅಕ್ಷರ ‘ಕ್ಯಾಟ್’ನಲ್ಲಿ ‘ಕ್’ ಅನ್ನುತ್ತದೆ, ‘ಸಿಟಿ’ಯಲ್ಲಿ ‘ಸ್’ ಅನ್ನುತ್ತದೆ. ಮಗು ತಬ್ಬಿಬ್ಬಾಗದೆ ಇನ್ನೇನು! ನಮ್ಮ ‘ಕ’ಕ್ಕೆ ಆ ಪಜೀತಿಯಿಲ್ಲ, ಹೆಸರೂ ಅದೇ, ಸದ್ದೂ ಅದೇ. ತಲೆಕಟ್ಟು ಕೊಂಚ ಬದಲಿಸಿದರೆ ತೆಲುಗಿನ ‘ಕ’ವೂ ಕೈಗೆ ಬಂತು. ಸದ್ದು ಕೂಡಿಸುವ ವಿದ್ಯೆ ನಮ್ಮ ಕಾಗುಣಿತದಲ್ಲೇ ಇದೆಯಲ್ಲ.

ಟ್ಯೂಷನ್ ಮೇಷ್ಟ್ರು ಸಿಕ್ಕರೆ ಮೊದಲು ಕೇಳಿ: ಎಬಿಸಿಡಿ ಬಾಯಿಪಾಠವೋ, ಸದ್ದು ಕೂಡಿಸಿ ಓದಿಸುವುದೋ? ಅಲ್ಲಿಯವರೆಗೆ ಮಗುವನ್ನು ಅಜ್ಜಿಯ ಪಕ್ಕ ಕೂರಿಸಿ, ಅಕ್ಕಿಯ ತಟ್ಟೆಯಲ್ಲಿ ಬೆರಳಿನಿಂದ ಒಂದು ‘ಕ’ ತಿದ್ದಿಸಿ.