ಕ್ರಿಸ್ತಜಯಂತಿಯ ಪ್ರಬೋಧನೆ: ಹದಿಮೂರು ದಿನ ಕಾದ ಕಲ್‌ಕಲ್



ಈಗತಾನೆ ಲೂಕರ ಶುಭಸಂದೇಶವನ್ನು ಆಲಿಸಿದೆವು. ತುಂಬುಗರ್ಭಿಣಿ ಮರಿಯಮ್ಮನವರು ಮತ್ತು ಜೋಸೆಫರು ಮನೆಯಿಂದ ದೂರದ ಊರಿಗೆ ಬಂದರು, ಛತ್ರದಲ್ಲಿ ಜಾಗ ಸಿಗಲಿಲ್ಲ, ಹುಟ್ಟಿದ ಕೂಸನ್ನು ಗೋದಲಿಯಲ್ಲಿ ಮಲಗಿಸಿದರು. ಪ್ರತಿವರ್ಷವೂ ಕೇಳುವ ಮಾತೇ. ಆದರೆ ಪರಸ್ಥಳದಲ್ಲಿ ಕ್ರಿಸ್ಮಸ್ ಬಂದರೆ ಹೇಗಿರುತ್ತದೆ ಎಂಬುದು ನಮಗೆ ಗೊತ್ತಾದದ್ದು 2006ರಲ್ಲಿ.

ಆಗ ನಾವಿನ್ನೂ ಸೆಮಿನರಿಯ ಬ್ರದರ್‌ಗಳು. ತತ್ವಶಾಸ್ತ್ರ ಮುಗಿದಿತ್ತು, ದೈವಶಾಸ್ತ್ರ ಆರಂಭವಾಗುವ ಮೊದಲು ಒಂದು ವರ್ಷ ಸೇವೆಗೆ ಹೋಗಬೇಕಿತ್ತು. ನಮ್ಮಲ್ಲಿ ಮೂವರನ್ನು ಇಥಿಯೋಪಿಯಾಕ್ಕೆ ಸ್ವಯಂಸೇವಕ ಶಿಕ್ಷಕರಾಗಿ ಕಳುಹಿಸಿದರು. ದೇಶದ ಉತ್ತರ ತುದಿಯ ಟಿಗ್ರೇ ಪ್ರಾಂತ್ಯ, ಅಡಿಗ್ರಾಟ್ ಎಂಬ ಪಟ್ಟಣ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರದ ಜಾಗ, ಡಿಸೆಂಬರ್ ರಾತ್ರಿಗಳಲ್ಲಿ ಹಲ್ಲು ಕಟಕಟ ಎನ್ನುವ ಚಳಿ. ಸಂಬಳವಿಲ್ಲ. ಊಟ, ಮಲಗಲು ಒಂದು ಕೋಣೆ, ಅಷ್ಟೇ. ಹೊರಡುವಾಗ ಒಬ್ಬ ಬ್ರದರ್‌ನ ತಾಯಿ ಕೇಳಿಯೇ ಬಿಟ್ಟರು: "ಪಕ್ಕದ ಮನೆ ಹುಡುಗ ಗಲ್ಫಿಗೆ ಹೋದ, ತಿಂಗಳು ತಿಂಗಳು ದುಡ್ಡು ಕಳಿಸ್ತಾನೆ. ನೀನು ಅಷ್ಟು ದೂರ ಹೋಗಿ ತರೋದೇನಪ್ಪ?" ಉತ್ತರ ಹೇಳಲು ನಮಗೆ ಬರಲಿಲ್ಲ.

ನಾವು ಹೋದದ್ದು ಕೊಡಲಿಕ್ಕೆ. ಹಾಗೆಂದೇ ತಿಳಿದಿದ್ದೆವು. ಹೈಲೆ ಸೆಲಾಸ್ಸಿ ಚಕ್ರವರ್ತಿಯ ಕಾಲದಿಂದಲೂ ಆ ದೇಶದ ಶಾಲೆಗಳಲ್ಲಿ ಭಾರತದ ಶಿಕ್ಷಕರು ಪಾಠ ಹೇಳಿದ್ದಾರೆ. "ನನಗೆ ಲೆಕ್ಕ ಕಲಿಸಿದ್ದು ಇಂಡಿಯಾದ ಮೇಷ್ಟ್ರು" ಎನ್ನುವ ಹಿರಿಯರು ಸಂತೆಯಲ್ಲಿ ಕೈ ಹಿಡಿದು ನಿಲ್ಲಿಸುತ್ತಿದ್ದರು. ಅದನ್ನು ಕೇಳಿ ಕೇಳಿ ನಮ್ಮ ತಲೆ ಸ್ವಲ್ಪ ದೊಡ್ಡದಾಗಿತ್ತು ಎಂದರೂ ತಪ್ಪಲ್ಲ.

ಆದರೆ ಅಲ್ಲಿ ದಿನ, ಗಂಟೆ, ವರ್ಷ ಯಾವುದೂ ನಮ್ಮದಲ್ಲ. ನಮಗೆ 2006, ಅವರಿಗೆ 1999. ವರ್ಷಕ್ಕೆ ಹದಿಮೂರು ತಿಂಗಳು. ಗಂಟೆ ಎಣಿಸುವುದು ಸೂರ್ಯೋದಯದಿಂದ, ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ಮೊದಲ ವಾರ ತರಗತಿಗೆ ತಡವಾಗಿ ಹೋಗಿ ಮಕ್ಕಳಿಂದಲೇ ನಗಿಸಿಕೊಂಡೆವು. ಮತ್ತು ಅವರ ಕ್ರಿಸ್ಮಸ್ ಡಿಸೆಂಬರ್ 25ಕ್ಕಲ್ಲ, ಜನವರಿ 7ಕ್ಕೆ. ಅಲ್ಲಿನ ಕಥೋಲಿಕರೂ ನಾಡಿನ ಪಂಚಾಂಗದಂತೆ ಅಂದೇ ಹಬ್ಬ ಮಾಡುತ್ತಾರೆ.

ಆ ಡಿಸೆಂಬರ್ 25 ಸೋಮವಾರ. ಬೆಳಗಿನ ಜಾವ ಚಾಪೆಲಿನಲ್ಲಿ ನಾವು ಮೂವರೇ ಕುಳಿತು ಕನ್ನಡದ ಕ್ರಿಸ್ಮಸ್ ಗೀತೆಯೊಂದನ್ನು ಹಾಡಲು ಹೊರಟೆವು. ಎರಡನೇ ಚರಣಕ್ಕೆ ಬರುವಾಗ ಒಬ್ಬರ ಗಂಟಲು ಕಟ್ಟಿತು, ಉಳಿದಿಬ್ಬರು ಮುಂದುವರಿಸಲಿಲ್ಲ. ಎದ್ದು ಒಂಬತ್ತನೇ ತರಗತಿಗೆ ಹೋಗಿ ಬೀಜಗಣಿತ ಬಿಡಿಸಿದೆವು.

ಹಬ್ಬವನ್ನು ಹಾಗೆ ಬಿಡಲು ಮನಸ್ಸಾಗಲಿಲ್ಲ. ಶನಿವಾರ ರಾತ್ರಿಯೇ ಮೈದಾ, ಮೊಟ್ಟೆ, ಹಾಲು, ಸಕ್ಕರೆ ಕಲಸಿ, ಫೋರ್ಕಿನ ಬೆನ್ನಿನ ಮೇಲೆ ಉರುಳಿಸಿ, ಕಲ್‌ಕಲ್ ಕರಿದಿಟ್ಟಿದ್ದೆವು. ಪಾಠ ಮುಗಿದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಪೊಟ್ಟಣ ಹಂಚಿದೆವು. ಮಕ್ಕಳು ಎರಡೂ ಕೈ ಚಾಚಿ ತೆಗೆದುಕೊಂಡರು, ತಲೆಬಾಗಿ ವಂದಿಸಿದರು. ಒಬ್ಬರೂ ತಿನ್ನಲಿಲ್ಲ. ಪೊಟ್ಟಣ ಬ್ಯಾಗಿನೊಳಗೆ ಹೋಯಿತು. "ತಿನ್ನಿ, ತಿನ್ನಿ" ಎಂದೆವು. ನಗುತ್ತಾ ಕುಳಿತರು. ನಮಗೆ ಬೇಸರವಾಯಿತು, ನಿಜ ಹೇಳಬೇಕೆಂದರೆ ಸಿಟ್ಟೇ ಬಂತು.

ಸಂಜೆ ಅಡುಗೆಯಮ್ಮ ಕೇಳಿ ಹಣೆ ಚಚ್ಚಿಕೊಂಡರು. ಮಕ್ಕಳಲ್ಲಿ ಹೆಚ್ಚಿನವರು ಆರ್ಥೊಡಾಕ್ಸ್ ಮನೆಯವರು. ಕ್ರಿಸ್ಮಸ್‌ಗೆ ಮುಂಚೆ 43 ದಿನ ಅವರಿಗೆ ಉಪವಾಸ. ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ. ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ತಿಂಗಳಿಂದ ಎಲ್ಲರ ತಟ್ಟೆಯಲ್ಲಿ ಬರೀ ಬೇಳೆಯನ್ನೇ ನೋಡುತ್ತಿದ್ದೆವು. ಆದರೆ ನಮ್ಮ ಹಬ್ಬ ನಮ್ಮ ಕಣ್ಣು ಮುಚ್ಚಿತ್ತು.

ಜನವರಿ 6ರ ರಾತ್ರಿ ಇಡೀ ಊರು ಬಿಳಿ ಬಟ್ಟೆ ಹೊದ್ದು ದೇವಾಲಯಗಳಿಗೆ ನಡೆಯಿತು. ಗೀಜ್ ಎಂಬ ಪುರಾತನ ಭಾಷೆಯಲ್ಲಿ ಆರಾಧನೆ, ಚರ್ಮದ ದೊಡ್ಡ ನಗಾರಿ, ಗಂಟೆಗಟ್ಟಲೆ ನಿಂತೇ ಇರುವ ಜನ. ನಮಗೆ ಒಂದು ಪದವೂ ಅರ್ಥವಾಗದಿದ್ದರೂ ಯಾವಾಗ ಮೊಣಕಾಲೂರಬೇಕು ಎಂಬುದನ್ನು ಪಕ್ಕದವರು ಭುಜ ಮುಟ್ಟಿ ತಿಳಿಸುತ್ತಿದ್ದರು.

ಬೆಳಿಗ್ಗೆ ಹಿಂದಿನ ಬೆಂಚಿನ ಹುಡುಗನೊಬ್ಬ ನಮ್ಮನ್ನು ತನ್ನ ಮನೆಗೆ ಕರೆದೊಯ್ದ. ಕಲ್ಲಿನ ಮನೆ, ಒಳಗೆ ಹೊಗೆ, ಹೊರಗೆ ಎರಡು ಕುರಿ. ತೆಫ್ ಎಂಬ, ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಹುಳಿಬರಿಸಿ ಹುಯ್ದ ಇಂಜೆರಾ, ನಮ್ಮ ದೋಸೆಯಂತೆ, ಆದರೆ ಹರಿವಾಣದಷ್ಟು ಅಗಲ. ಕೋಳಿಯ ಖಾರದ ಸಾರು. ಜೊತೆಗೆ ಆ ಸೀಮೆಯ ತಿಹ್ಲೊ: ಬಾರ್ಲಿ ಹಿಟ್ಟಿನ ಪುಟ್ಟ ಉಂಡೆಗಳು, ಕವಲುಕಡ್ಡಿಯಲ್ಲಿ ಚುಚ್ಚಿ ಮಾಂಸದ ಸಾರಿನಲ್ಲಿ ಅದ್ದಿ ತಿನ್ನುವುದು. ರಾಗಿಮುದ್ದೆಯ ತಂಗಿ ಎಂದುಕೊಂಡೆವು. ಎಲ್ಲರಿಗೂ ಒಂದೇ ತಟ್ಟೆ. ಊಟವಾದ ಮೇಲೆ ಕಾಫಿ. ನಮ್ಮ ತೋಟಗಳ ಕಾಫಿಗೆ ತವರು ಆ ದೇಶವೇ ಎಂಬುದು ನಿಮಗೆ ಗೊತ್ತು. ಹಸಿ ಬೀಜವನ್ನು ನಮ್ಮೆದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೂರನೆಯ ಸುತ್ತಿನ ಹೆಸರು 'ಬರಕಾ', ಆಶೀರ್ವಾದ ಎಂದರ್ಥ. ಅದಕ್ಕೆ ಮುಂಚೆ ಎದ್ದು ಹೊರಟರೆ ಮನೆಯವರಿಗೆ ನೋವು.

ಆ ಮೂರನೆಯ ಸುತ್ತಿನಲ್ಲಿ ಹುಡುಗ ಒಂದು ತಗಡಿನ ಡಬ್ಬಿ ತಂದ. ಒಳಗೆ ನಮ್ಮ ಕಾಗದದ ಪೊಟ್ಟಣ! ಹದಿಮೂರು ದಿನ ಮುಟ್ಟದೆ ಇಟ್ಟಿದ್ದ. ಅವನಿಗೆ ಇಬ್ಬರು ತಮ್ಮಂದಿರು ಇದ್ದರು ಎಂಬುದನ್ನೂ ಹೇಳಬೇಕು. ಅಲ್ಲಿ ಪ್ರೀತಿಯ ಅತಿಥಿಗೆ ತುತ್ತನ್ನು ಕೈಯಾರೆ ಬಾಯಿಗಿಡುವ ಪದ್ಧತಿ ಇದೆ. ಅವನ ತಾಯಿ ಕಲ್‌ಕಲ್ ಒಂದನ್ನು ಮುರಿದು, ಮೊದಲು ನಮ್ಮ ಬಾಯಿಗೇ ಇಟ್ಟರು.

ಪ್ರಿಯರೇ, ಕಾಣಿಕೆಯ ಮೆರವಣಿಗೆಯಲ್ಲಿ ನಾವು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಬಲಿಪೀಠಕ್ಕೆ ಒಯ್ಯುತ್ತೇವೆ. ಕೊಟ್ಟದ್ದೇ ಪರಮಪ್ರಸಾದವಾಗಿ ನಮ್ಮ ಬಾಯಿಗೆ ಬರುತ್ತದೆ. ಸೆಮಿನರಿಯಲ್ಲಿ ಓದಿದ್ದ ಈ ಪಾಠ ಅಂದು ಆ ಹೊಗೆಮನೆಯಲ್ಲಿ ನಮಗೆ ಅರ್ಥವಾಯಿತು. ಲೋಕೋದ್ಧಾರಕ ಪ್ರಭು ಬಂದದ್ದೂ ಹೀಗೆಯೇ ಅಲ್ಲವೇ? ತೊಟ್ಟಿಲು ಇನ್ನೊಬ್ಬರ ದನಗಳದ್ದು. ಮಾತು ಕಲಿತದ್ದು ತಾಯಿಯಿಂದ. ಹೆರೋದನಿಗೆ ಹೆದರಿ ಓಡಿದಾಗ ಆಸರೆ ಕೊಟ್ಟದ್ದು ಈಜಿಪ್ಟ್ ಎಂಬ ಪರದೇಶ. ಕೊಡುವ ದೇವರು ಮೊದಲು ಕೈಚಾಚಿ ತೆಗೆದುಕೊಂಡರು.

2020ರ ನವೆಂಬರ್‌ನಲ್ಲಿ ಟಿಗ್ರೇಯಲ್ಲಿ ಯುದ್ಧ ಹೊತ್ತಿಕೊಂಡಿತು. ಫೋನ್, ಬ್ಯಾಂಕ್ ಎಲ್ಲ ನಿಂತವು. ಶಾಲೆಗಳು ಮುಚ್ಚಿದವು, ಎಷ್ಟೋ ಶಾಲೆಗಳು ಹಾಳಾದವು. 2022ರ ನವೆಂಬರ್ 2ರಂದು ಪ್ರಿಟೋರಿಯಾದಲ್ಲಿ ಒಪ್ಪಂದವಾಗುವವರೆಗೆ ಎರಡು ಕ್ರಿಸ್ಮಸ್ ಕಳೆದವು. ಎರಡರಲ್ಲೂ ನಾವು ಮೂವರು ಫೋನ್ ಮಾಡಿಕೊಂಡು ಕೇಳಿದ ಪ್ರಶ್ನೆ ಒಂದೇ: ಆ ಹುಡುಗನ ಸುದ್ದಿ ಬಂತೇ? ಬರಲಿಲ್ಲ. ಇಂದಿನ ಬಲಿಪೂಜೆಯಲ್ಲಿ ಅವನ ಹೆಸರೂ ಇದೆ.

ಇನ್ನು ನಮ್ಮ ಧರ್ಮಕೇಂದ್ರದ ಮಾತು. ಕಾಫಿ ಕೊಯ್ಲಿಗೆ ಜಾರ್ಖಂಡ್, ಅಸ್ಸಾಂಗಳಿಂದ ಬಂದು ಲೈನ್ ಮನೆಗಳಲ್ಲಿರುವ ಕುಟುಂಬಗಳು ಹಿಂದಿನ ಬೆಂಚುಗಳಲ್ಲಿ ಕುಳಿತಿವೆ. ಕಳೆದ ವರ್ಷ ನಾವು ಅವರಿಗೆ ಗೇಟಿನ ಬಳಿ ಕೇಕ್ ಕೊಟ್ಟೆವು, ಕಂಬಳಿ ಕೊಟ್ಟೆವು, ಫೋಟೊ ತೆಗೆದುಕೊಂಡೆವು. ಅವರು ಕತ್ತಲಲ್ಲಿ ನಡೆದು ಹೋದರು, ನಾವು ಹಾಲ್‌ನೊಳಗೆ ಊಟಕ್ಕೆ ಕುಳಿತೆವು. ಗುರುಗಳೂ ಆ ಊಟದಲ್ಲಿದ್ದರು ಎಂಬುದನ್ನು ಮರೆಮಾಚುವುದಿಲ್ಲ.

ಈ ಆಗಮನ ಕಾಲದಲ್ಲಿ ಲೈನ್ ಮನೆಗಳಿಗೆ ಹೋದಾಗ ವಯಸ್ಸಾದ ತಾಯಿಯೊಬ್ಬರು ಅಳುಕುತ್ತಾ ಕೇಳಿದರು: "ಫಾದರ್, ನಮ್ಮ ಕಡೆ ಕ್ರಿಸ್ಮಸ್‌ಗೆ ಅರ್ಸಾ ಮಾಡ್ತೀವಿ. ತಂದರೆ ನಿಮ್ಮ ಜನ ತಿಂತಾರಾ?" ಅಕ್ಕಿಹಿಟ್ಟು, ಬೆಲ್ಲ, ಎಣ್ಣೆಯಲ್ಲಿ ಕರಿದದ್ದು. ನಮ್ಮ ಕಜ್ಜಾಯವೇ. ನಿನ್ನೆ ರಾತ್ರಿ ಹನ್ನೊಂದರವರೆಗೆ ಕರಿದಿದ್ದಾರಂತೆ.

ಪೂಜೆಯ ನಂತರ ಯಾರೂ ಗೇಟಿನ ಕಡೆ ಹೋಗಬೇಡಿ. ಹಾಲ್‌ನಲ್ಲಿ ಎರಡು ದೊಡ್ಡ ಡಬ್ಬಿಗಳಿವೆ. ಬಡಿಸುವವರು ಅವರೇ, ನಾವು ಸಾಲಿನಲ್ಲಿ ನಿಂತು ತೆಗೆದುಕೊಳ್ಳುತ್ತೇವೆ. ಕಾಫಿ ಮೂರು ಸುತ್ತಿಗೆ ಸಾಕಾಗುವಷ್ಟು ಇದೆ.